ಸೀಟಿ ಅಣ್ಣನದು, ಕೈ ಅತ್ತಿಗೆಯದು

ನಾಯಿಗೆ ಏನಾದರೂ ಕಲಿಸಬೇಕಾದರೆ ಅದು ಹಸಿದಿರಬೇಕು. ಹೊಟ್ಟೆ ತುಂಬಿದ ನಾಯಿ ಯಾರ ಮಾತನ್ನೂ ಕೇಳುವುದಿಲ್ಲ. ಕೊಡುವ ತುಂಡು ಅವರೆಕಾಳಿನಷ್ಟಿದ್ದರೆ ಸಾಕು, ನುಂಗಿದ ಕೂಡಲೇ ಇನ್ನೊಂದು ಬೇಕೆನಿಸುವಷ್ಟು. ಅದು ಹೇಳಿದ್ದನ್ನು ಮಾಡಿದ ಮೇಲೆ ತುಂಡು ಕೊಡಲು ಒಂದು ಉಸಿರಿನಷ್ಟೂ ತಡಮಾಡಬಾರದು. ಕರೆದವರೇ ಕೊಡಬೇಕು. ಕರೆದಾಗ ಬಂದ ನಾಯಿಯನ್ನು, ಅದು ಅದಕ್ಕೆ ಮೊದಲು ಏನೇ ಅನಾಹುತ ಮಾಡಿರಲಿ, ಹೊಡೆಯಬಾರದು.

ಇದನ್ನೆಲ್ಲ ನನಗೆ ಕಲಿಸಿದ್ದು ಚಾಮರಾಜನಗರದ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ದನದ ಡಾಕ್ಟರು. ನಾನು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಹೊತ್ತಿಗೆ ಸರಿಯಾಗಿ ಇಂಜೆಕ್ಷನ್, ಹೊತ್ತಿಗೆ ಸರಿಯಾಗಿ ಹಾಸಿಗೆ ಬಟ್ಟೆ ಬದಲಾಯಿಸುವುದು, ಇದರಲ್ಲೇ ನನ್ನ ಆಯಸ್ಸಿನ ಹೆಚ್ಚು ಪಾಲು ಕಳೆದಿತ್ತು. ಆದ್ದರಿಂದ ಡಾಕ್ಟರ ಪಾಠ ನನಗೆ ಬೇಗ ಹತ್ತಿತು. ಬಾಗಿಲಿಗೆ ಬರುತ್ತಿದ್ದ ಒಂದು ಬೀದಿನಾಯಿ ನನ್ನ ಕೈಯಲ್ಲಿ ಕೂರುವುದು, ಏಳುವುದು, ಕರೆದರೆ ಬರುವುದು ಎಲ್ಲ ಕಲಿತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ನಿವೃತ್ತಿಯಾಯಿತು. ನಾನು ಮದುವೆಯಾದವಳಲ್ಲ. ಗುಂಡ್ಲುಪೇಟೆ ಕಡೆಯ ನಮ್ಮೂರಿಗೆ, ಅಣ್ಣನ ಮನೆಗೆ ಬಂದೆ. ಕಾಡಿನ ಅಂಚಿನ ಊರು. ನಮ್ಮ ಹೊಲದ ತುದಿಯಲ್ಲಿ ಆನೆ ಕಂದಕ, ಅದರಾಚೆ ಬರೀ ಲಂಟಾನದ ಪೊದೆ. ಮನೆಯಲ್ಲಿ ಅಣ್ಣ, ಅತ್ತಿಗೆ ಇಬ್ಬರೇ. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ನಮ್ಮದು ಗೋಪಾಲಸ್ವಾಮಿಯ ಒಕ್ಕಲು; ಅಣ್ಣ ವರ್ಷವಿಡೀ ಹೇಗಾದರೂ ಇರಲಿ, ಶ್ರಾವಣ ಬಂತೆಂದರೆ ದಿನಾ ತಣ್ಣೀರಲ್ಲಿ ಮಿಂದು ಹಣೆಗೆ ಮೂರು ನಾಮ ಎಳೆಯುತ್ತಿದ್ದ.

ಅಣ್ಣನ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಸಾರಿಗೆ ಉಪ್ಪು ಕಡಿಮೆಯಾದ ದಿನ ತಟ್ಟೆ ತಳ್ಳುತ್ತಿದ್ದ. ತಳ್ಳದ ದಿನ ಉಪ್ಪು ಸರಿಯಾಗಿದೆ ಎಂದು ಅತ್ತಿಗೆ ತಿಳಿದುಕೊಳ್ಳಬೇಕಿತ್ತು. ಯಾವಾಗಲೋ ಒಮ್ಮೆ ಮಸ್ಸೊಪ್ಪಿನ ಸಾರು ತಿಂದು "ಪರ್ವಾಗಿಲ್ಲ" ಅಂದಿದ್ದನಂತೆ. ಅತ್ತಿಗೆ ಅದನ್ನು ನನಗೆ ಹೇಳುವಾಗ ಆ ದಿನ ಹಾಕಿದ್ದ ಸೊಪ್ಪು ಯಾವ್ಯಾವುದು ಎಂಬುದನ್ನೂ ಬಿಡದೆ ಹೇಳಿದರು. ಗಂಡಹೆಂಡತಿ ನೇರವಾಗಿ ಮಾತಾಡುತ್ತಿದ್ದುದು ಜಗಳಕ್ಕೆ ಮಾತ್ರ. ಬೇರೆ ಏನಿದ್ದರೂ ಗೋಡೆಗೆ, ಕಂಬಕ್ಕೆ, ನಾನು ಬಂದ ಮೇಲೆ ನನಗೆ ಹೇಳುತ್ತಿದ್ದರು.

ಆ ವರ್ಷ ಹೊಲದಲ್ಲಿ ಕಡಲೆಕಾಯಿ ಹಾಕಿದ್ದರು. ಕಡಲೆಕಾಯಿ ಎಂದರೆ ಕಾಡುಹಂದಿಗಳಿಗೆ ಮದುವೆ ಮನೆ. ಕಾವಲಿಗೆ ನಾಯಿ ಬೇಕು. ಆದರೆ ಅಣ್ಣನ ಕೈಯಲ್ಲಿ ನಾಯಿ ಉಳಿಯುತ್ತಿರಲಿಲ್ಲ. ಹಂದಿಯ ಹಿಂದೆ ಕಂದಕ ದಾಟಿ ಹೋಗುತ್ತಿದ್ದವು, ಕೂಗಿದರೆ ಬರುತ್ತಿರಲಿಲ್ಲ. ಬಂದರೆ ಏಟು ಬೀಳುವುದು ಗೊತ್ತಿದ್ದರೆ ಯಾವ ನಾಯಿ ಬರುತ್ತದೆ? ಆಚೆ ಚಿರತೆ ಇತ್ತು. ಹಿಂದಿನ ನಾಯಿಯದು ಕೊರಳ ಹಗ್ಗ ಮಾತ್ರ ಸಿಕ್ಕಿತ್ತು.

"ಕಾಡಂದಿ ನೋಡಿ ಬೊಗಳ್ಬೇಕು, ಸೀಟಿ ಊದ್ದೇಟ್ಗೆ ವಾಪಸ್ ಬರ್ಬೇಕು. ಅಂಗೆ ಕಲ್ಸಕ್ಕಾದದಾ?" ಎಂದು ಅಣ್ಣ ನನ್ನನ್ನು ಕೇಳಿದ. ಹೊಸದಾಗಿ ಒಂದು ಕಂದು ಬಣ್ಣದ ನಾಯಿ ತಂದಿದ್ದ. ಹೆಸರಿಟ್ಟಿರಲಿಲ್ಲ. ಸಾಯೋದಕ್ಕೆ ಯಾಕೆ ಹೆಸರು ಅನ್ನುತ್ತಿದ್ದ.

"ಆಗುತ್ತೆ. ನಾನು ಹೇಳಿದ ಹಾಗೆ ಮಾಡಿದ್ರೆ" ಅಂದೆ.

ಮಾಡಿದ. ಅದೇ ಆಶ್ಚರ್ಯ. ಗುಂಡ್ಲುಪೇಟೆಯಿಂದ ಕೋಳಿ ಲಿವರ್ ತರುತ್ತಿದ್ದ. ಅತ್ತಿಗೆ ಅದನ್ನು ಉಪ್ಪಿಲ್ಲದೆ ಬೇಯಿಸಿ ಸಣ್ಣಗೆ ಹೆಚ್ಚಿ ಕೊಡುತ್ತಿದ್ದರು. ಕಂಡಕ್ಟರುಗಳು ಊದುವಂಥ ಒಂದು ಸೀಟಿಯನ್ನು ದಾರಕ್ಕೆ ಕಟ್ಟಿ ಅಣ್ಣ ಕೊರಳಿಗೆ ಹಾಕಿಕೊಂಡ. ಬೆಳಿಗ್ಗೆ ನಾಯಿಯ ಊಟಕ್ಕೆ ಮೊದಲು, ಸಂಜೆ ಊಟಕ್ಕೆ ಮೊದಲು ಅಭ್ಯಾಸ. ಊದುವುದು, ನಾಯಿ ಬರುವುದು, ಬಾಯಿಗೆ ತುಂಡು. ಮೊದಲು ಅಂಗಳದಲ್ಲಿ, ಆಮೇಲೆ ಬೀದಿಯ ತುದಿಯಿಂದ, ಆಮೇಲೆ ಹೊಲದಲ್ಲಿ. ಅಣ್ಣ ಒಂದು ದಿನವೂ ತಪ್ಪಿಸಲಿಲ್ಲ. ತುಂಡಿನ ಜೊತೆಗೆ ಒಂದು ಒಳ್ಳೆಯ ಮಾತೂ ಆಡಬೇಕು ಎಂದು ನಾನು ಹೇಳಿದ್ದೆ.

"ಭಲೆ ಕಂದ! ಭಲೆ ನನ್ ಕಂದ!" ಅಂದ ಅಣ್ಣ ಒಂದು ಬೆಳಿಗ್ಗೆ ಅಂಗಳದಲ್ಲಿ.

ಅತ್ತಿಗೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಬೀದಿಯ ಕಡೆ ನೋಡಿದರು. ಮಗಳೋ ಮೊಮ್ಮಗುವೋ ಬಂದಿರಬೇಕು ಎಂದುಕೊಂಡಿದ್ದರು.

"ಯಾರ್ನವ್ವ ಕಂದ ಅಂದದ್ದು?"

"ನಾಯಿನ, ಅತ್ತಿಗೆ."

"ಓ" ಅಂದು ಒಳಗೆ ಹೋದರು. ಆ ದಿನ ಸಾರಿಗೆ ಉಪ್ಪು ಸರಿಯಾಗಿರಲಿಲ್ಲ. ಅಣ್ಣ ತಟ್ಟೆ ತಳ್ಳಿದ.

ಅತ್ತಿಗೆಯ ತವರು ಉಮ್ಮತ್ತೂರು. ಅವರ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿ ಸುಮಾರು ದಿನವಾಗಿತ್ತು. ನಮ್ಮೂರಿನ ಅಂಗಡಿಯಲ್ಲಿ ಕಾಯಿನ್ ಫೋನಿತ್ತು. ಅಲ್ಲಿಗೆ ಆಗಾಗ ಸುದ್ದಿ ಬರುತ್ತಿತ್ತು. ಮುದುಕಿ ಮಗಳ ಹೆಸರನ್ನೇ ಕನವರಿಸುತ್ತಾಳೆ ಎಂದು ಆಷಾಢದ ಕೊನೆಯಲ್ಲಿ ಹೇಳಿಕಳಿಸಿದ್ದರು. ಆವತ್ತಿನಿಂದ ಅತ್ತಿಗೆಗೆ ಬೇರೆ ಯೋಚನೆ ಇರಲಿಲ್ಲ.

"ನರ್ಸವ್ವ, ನಿಮ್ಮಣ್ಣಂಗೆ ಏಳವ್ವ. ನಮ್ಮವ್ವಂಗೆ ಬೆನ್ನೆಲ್ಲ ಉಣ್ಣಾಗದಂತೆ. ನಾಕು ದಿನ ಇದ್ದು ಬತ್ತೀನಿ."

ಅಣ್ಣ ಅಲ್ಲೇ ಉಣ್ಣುತ್ತ ಕೂತಿದ್ದ.

"ನಿಮ್ಮತ್ತಿಗೆನ ಕೇಳಮ್ಮಿ, ಆ ಮನೇಲಿ ಸೊಸೇರಿಲ್ವಾ ಅಂತ."

"ಸೊಸೇರು ಅವರೆ. ಅವ್ಳು ಕರೀತಿರೋದು ಮಗಳ್ನ."

"ನಾಯಿ ಅರ್ಧ ಕಲ್ತದೆ. ಅದ್ಕೆ ಬೇಯ್ಸಿ ಆಕೋರ್ಯಾರು? ಕಾಯಿ ಬಲೀತಾ ಅವೆ, ಅಂದಿ ಬರೋ ಕಾಲ. ಕಡ್ಲೆಕಾಯಿ ಕಿತ್ತ ಮೇಲೆ ಓಗ್ಲಿ."

ಬೆನ್ನಿನ ಹುಣ್ಣು ಏನೆಂದು ನನಗೆ ಗೊತ್ತು. ಹಾಸಿಗೆ ಹಿಡಿದ ಮುದುಕರನ್ನು ಹೊತ್ತುಹೊತ್ತಿಗೆ ಹೊರಳಿಸದಿದ್ದರೆ ಆಗುವ ಹುಣ್ಣು ಅದು. ಕಡಲೆಕಾಯಿ ಕೀಳುವವರೆಗೆ ಅದು ಕಾಯುವುದಿಲ್ಲ. ಹಾಗೆಂದು ಅಣ್ಣನಿಗೆ ಹೇಳಿದೆ. "ನಿಂಗೇನ್ ಗೊತ್ತು ವ್ಯವಸಾಯ" ಅಂದ.

ಅಷ್ಟರಲ್ಲಿ ಶ್ರಾವಣ ಬಂತು. ಮೊದಲ ದಿನವೇ ಪಾತ್ರೆ ಸೌಟೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ಅತ್ತಿಗೆ, ಇನ್ನು ತಿಂಗಳು ಪೂರ್ತಿ ಲಿವರಿಲ್ಲ ಎಂದುಕೊಂಡಿದ್ದರು. ಲಿವರಿಲ್ಲದಿದ್ದರೆ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದಿದ್ದರೆ ಉಮ್ಮತ್ತೂರಿಗೆ ಹೋಗಬಹುದು. ಅಣ್ಣ ಮಿಂದು ನಾಮ ಎಳೆದುಕೊಂಡು ಬಂದು, ಲಿವರಿನ ಪೊಟ್ಟಣವನ್ನು ಕಡ್ಡಿಯ ತುದಿಗೆ ಸಿಕ್ಕಿಸಿಕೊಂಡು ಹಿತ್ತಲಿನ ಕಲ್ಲಿನ ಮೇಲೆ ಇಟ್ಟ.

"ಒರಗಡೆ ಮೂರ್ಕಲ್ಲು ಊಡ್ಕೊಂಡು ಬೇಯ್ಸು."

"ನಂಗಿಲ್ವ ಶ್ರಾವಣ?"

"ನಿಂಗೇನಮ್ಮಿ? ಬೇಯ್ಸಿ ತಲೆಗೆ ನೀರ್ ಉಯ್ಕಂಡ್ರೆ ಆಯ್ತದೆ."

"ನಾಯಿಗೊಂದ್ ತಿಂಗ್ಳು ಮುದ್ದೆ ಕೊಟ್ರೆ ಸತ್ತೋದದಾ?"

ಅದನ್ನೂ ಒಂದು ದಿನ ಮಾಡಿ ನೋಡಿದೆವು. ಅಣ್ಣ ಮುದ್ದೆಯ ತುಂಡು ಹಿಡಿದು ಊದಿದ. ಲಿವರಿನ ರುಚಿ ಕಂಡ ನಾಯಿ ಅರ್ಧ ದಾರಿ ಬಂದು, ಮೂಸಿ, ಬಾಲ ತಿರುಗಿಸಿಕೊಂಡು ಹೋಯಿತು. ಮತ್ತೆ ಲಿವರೇ ಆಯಿತು.

ಅಣ್ಣ ಮಾತ್ರ ಅದನ್ನು ಮುಟ್ಟಲಿಲ್ಲ. ಊದುವುದು ತಾನು, ಕೊಡುವುದು ಅತ್ತಿಗೆ ಎಂದು ಏರ್ಪಾಡು ಮಾಡಿದ. ಅವನು ಜಗಲಿಯಲ್ಲೋ ಹೊಲದಲ್ಲೋ ನಿಂತು ಊದುತ್ತಿದ್ದ. ನಾಯಿ ಬರುತ್ತಿತ್ತು. "ಓಗು, ಇಸ್ಕೋ ಓಗು" ಎಂದು ಹಿತ್ತಲಿಗೆ ಕೈ ತೋರಿಸುತ್ತಿದ್ದ. ಅತ್ತಿಗೆ ಅಲ್ಲಿ ತುಂಡು ಕೊಡುತ್ತಿದ್ದರು. ಎರಡೇ ದಿನಕ್ಕೆ ನಾಯಿ ಅಣ್ಣನ ಹತ್ತಿರ ಬರುವುದನ್ನು ಬಿಟ್ಟು, ಸೀಟಿ ಕೇಳಿದ ಕೂಡಲೇ ನೆಟ್ಟಗೆ ಹಿತ್ತಲಿಗೆ ಓಡತೊಡಗಿತು.

"ಊದೋರೊಬ್ರು ಕೊಡೋರೊಬ್ರು ಆಗ್ಬಾರ್ದು ಅಣ್ಣ. ಸೀಟಿ ಅಂದ್ರೆ ಅತ್ತಿಗೆ ಅಂತ ತಿಳ್ಕೊಳ್ತಿದೆ ಅದು" ಅಂದೆ.

"ಬಾಡು ಮುಟ್ಟಿದ್ ಕೈಲಿ ನಾಮ ಇಕ್ಕೊಳ್ಳನಾ?"

"ಹಾಗಾದ್ರೆ ಶ್ರಾವಣ ಮುಗಿಯೋವರೆಗೆ ನಿಲ್ಲಿಸು."

"ನಿಲ್ಸುದ್ರೆ ಕಲ್ತದ್ದು ಮರ್ತೋದದು ಅಂದೋಳು ನೀನೇ."

"ಸರಿ, ನಾನು ಬೇಯಿಸಿ ಕೊಡ್ತೀನಿ. ನನಗೆ ಶ್ರಾವಣವೂ ಇಲ್ಲ, ನಾಮವೂ ಇಲ್ಲ. ಅತ್ತಿಗೆ ಉಮ್ಮತ್ತೂರಿಗೆ ಹೋಗಿಬರಲಿ."

ಅಣ್ಣ ನಕ್ಕ. ಅವನು ನಗುವುದು ಗೆದ್ದಾಗ ಮಾತ್ರ. "ಕೈ ಬದ್ಲಾಗ್ಬಾರ್ದು ಅಂದೋಳೂ ನೀನೇ ಕಣಮ್ಮಿ. ಈಗ ಅವಳ ಕೈ ಆಗದೆ. ಅವಳ ಕೈಯೇ ಇರ್ಲಿ."

ಅತ್ತಿಗೆ ಒಳಗಿನಿಂದ ಇದನ್ನೆಲ್ಲ ಕೇಳಿಸಿಕೊಂಡರು. ಮೂರು ಕಲ್ಲಿನ ಒಲೆ, ಸೊಟ್ಟಗಾದ ಒಂದು ಅಲ್ಯೂಮಿನಿಯಂ ಪಾತ್ರೆ, ಬೇಯಿಸಿದ ಮೇಲೆ ಕೊಡ ಎತ್ತಿ ತಲೆಗೆ ತಣ್ಣೀರು. ಸೋನೆ ಮಳೆಯ ದಿನಗಳು. ಕೂದಲು ಒಣಗುವಷ್ಟರಲ್ಲಿ ಸಂಜೆಯ ಲಿವರಿನ ಹೊತ್ತಾಗುತ್ತಿತ್ತು. ಶನಿವಾರ ಉಪವಾಸ ಬೇರೆ. ಹಸಿದ ಹೊಟ್ಟೆಯಲ್ಲಿ ಆ ವಾಸನೆ ಕುಡಿದು ಒಂದು ಶನಿವಾರ ಬೇಲಿಯ ಪಕ್ಕ ವಾಂತಿ ಮಾಡಿಕೊಂಡರು. ನಾನು ಅವರ ತಲೆ ಹಿಡಿದುಕೊಂಡೆ.

ಬಾಯಿ ಮುಕ್ಕಳಿಸಿ, ಪಾತ್ರೆಯ ಮುಂದೆ ಕೂತು ಕೇಳಿದರು. "ನರ್ಸವ್ವ, ಒಂದ್ ಏಳು. ಈಗ ದಿನಾ ಕೊಡ್ತೀವಲ್ಲ, ಒಂದಿನ ಕೊಡದ್ ನಿಲ್ಸುಬುಟ್ರೆ ನಾಯಿ ಬರೋದ್ನೂ ನಿಲ್ಸದಾ?"

"ದಿನಾ ಕೊಟ್ಟು ಒಮ್ಮೆಗೇ ನಿಲ್ಲಿಸಿದ್ರೆ ಬೇಗ ಬಿಟ್ಟುಬಿಡುತ್ತೆ. ಪೂರ್ತಿ ಕಲಿತ ಮೇಲೆ ಒಂದು ಸಲ ಕೊಡಬೇಕು, ಒಂದು ಸಲ ಕೊಡಬಾರದು. ಯಾವತ್ತು ಸಿಗುತ್ತೆ ಅನ್ನೋದು ಅದಕ್ಕೆ ಗೊತ್ತಾಗಬಾರದು. ಆಗ ಜನ್ಮದಲ್ಲಿ ಬಿಡಲ್ಲ."

ಅತ್ತಿಗೆ ಬೆಂಕಿ ಕೆದಕಿದರು. "ಓದ್ದೆ ಇದ್ರೂ ನಿಮ್ಮಣ್ಣಂಗೆ ಇದು ಗೊತ್ತಿತ್ತು ನೋಡವ್ವ" ಅಂದರು. "ಮಸ್ಸೊಪ್ಪು ಪರ್ವಾಗಿಲ್ಲ ಅಂದ ಮೇಲೆ ಎಷ್ಟೊರ್ಸ ಬೇಯ್ಸಿವ್ನಿ ಅದ್ನ."

ನಾಯಿಯ ಗುಣವೇನೋ ನಿಜವಾಗಿ ಬದಲಾಗಿತ್ತು. ಹಂದಿ ಕಂಡರೆ ಬೊಗಳುತ್ತಿತ್ತು, ಸೀಟಿಗೆ ತಿರುಗುತ್ತಿತ್ತು. ಅಣ್ಣ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಒಂದು ಸಂಜೆ ಹೊತ್ತು ಮುಳುಗುವ ಮೊದಲೇ ಹಂದಿಗಳು ಕಂದಕದ ಕುಸಿದ ಜಾಗದಿಂದ ಹೊಲಕ್ಕೆ ಇಳಿದವು. ಅಕ್ಕಪಕ್ಕದ ಹೊಲದವರೂ ಬಂದು ನಿಂತರು. ಹುಲ್ಲು ಕೊಯ್ಯಲು ಬಂದಿದ್ದ ಅತ್ತಿಗೆ ಆಗಲೇ ಮನೆಗೆ ಹಿಂದಿರುಗಿದ್ದರು. ನಾನು ಬದುವಿನ ಮೇಲಿದ್ದೆ. ನಾಯಿ ಹಂದಿಗಳ ಮೇಲೆ ಬಿದ್ದು ಕಂದಕದವರೆಗೂ ಅಟ್ಟಿತು. ಇನ್ನೇನು ಆಚೆ ಹಾರಬೇಕು, ಅಣ್ಣ ಸೀಟಿ ಊದಿದ.

ನಾಯಿ ಗಕ್ಕನೆ ನಿಂತಿತು. ತಿರುಗಿತು. ಬಾಣದ ಹಾಗೆ ಓಡಿಬಂತು. ಅಣ್ಣ ಎಲ್ಲರ ಕಡೆ ನೋಡಿ, ಬಾಗಿ, ಎರಡೂ ಕೈ ಚಾಚಿದ. ನಾಯಿ ಅವನ ಪಕ್ಕದಲ್ಲೇ ಹಾದು, ನಮ್ಮೆಲ್ಲರನ್ನೂ ದಾಟಿ, ಹೊಲ ದಾಟಿ, ಊರಿನ ದಾರಿ ಹಿಡಿದು ಕಾಣದಾಯಿತು. ಹಂದಿಗಳು ಮತ್ತೆ ಹೊಲಕ್ಕೆ ಇಳಿದವು.

ಪಕ್ಕದ ಹೊಲದವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಸೀಟಿ ನಿಂದು, ನಾಯಿ ನಿನ್ನೆಡ್ತೀದು ಕಣಣ್ಣೋ!"

"ಇನ್ನೊಂದಪ ಊದು, ನಿನ್ನೆಡ್ತೀನೂ ಬತ್ತಳಾ ನೋಡನ" ಅಂದ ಇನ್ನೊಬ್ಬ.

ಅಣ್ಣ ಮನೆಗೆ ಬಂದಾಗ ನಾಯಿ ಹಿತ್ತಲಲ್ಲಿ ಅತ್ತಿಗೆಯ ಮುಂದೆ ಕೂತು ತುಟಿ ನೆಕ್ಕುತ್ತಿತ್ತು. ಅವನು ಎತ್ತಿನ ಹಗ್ಗ ತೆಗೆದುಕೊಂಡು ಅದನ್ನು ಹೊಡೆದ. ನಾನು ಕೈ ಹಿಡಿಯಲು ಹೋದರೆ ನನ್ನನ್ನು ತಳ್ಳಿದ. ಕರೆದಾಗ ಬಂದ ನಾಯಿ ಅದು, ಹೇಳಿಕೊಟ್ಟ ಜಾಗಕ್ಕೇ ಬಂದಿತ್ತು. ಹೊಡೆಸಿಕೊಂಡು ಅದು ಅತ್ತಿಗೆಯ ಸೀರೆಯ ಹಿಂದೆ ನುಗ್ಗಿತು. ಆವತ್ತಿನಿಂದ ಅಣ್ಣನ ಕೈಯಿಂದ ಅದು ಏನನ್ನೂ ಮುಟ್ಟಲಿಲ್ಲ.

"ನಗಾಡಿದ್ರಂತಲ್ಲ" ಅಂದರು ಅತ್ತಿಗೆ. ಆ ದಿನ ನೇರವಾಗಿ ಅವನಿಗೇ ಹೇಳಿದರು. "ನಿನ್ ಕೈಯಿಂದ ಕೊಡು ಇನ್ಮೇಲೆ. ನನ್ನ ಉಮ್ಮತ್ತೂರ್ಗೆ ಕಳ್ಸು."

"ನಿಮ್ಮವ್ವ ಸಾಯ್ಲಿ ಬುಡು. ಓಗೀವಂತೆ, ಒಂದೇ ಸಲ. ಈಗೊಂದಪ ಆಗೊಂದಪ ಯಾಕೆ ಎರಡ್ ಸಲ ಬಸ್ಸು?"

ಅತ್ತಿಗೆ ಪಾತ್ರೆಯಲ್ಲಿ ಉಳಿದಿದ್ದ ಲಿವರನ್ನೆಲ್ಲ ಒಂದೇ ಸಲ ನಾಯಿಯ ಮುಂದೆ ಸುರಿದರು.

ಶ್ರಾವಣದ ಕೊನೆಯ ಶನಿವಾರ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವುದು ಅಣ್ಣನ ಎಷ್ಟೋ ವರ್ಷದ ನೇಮ. ಊರಿನವರನ್ನು ಕೂಡಿಸಿಕೊಂಡು ಟೆಂಪೊ ಗೊತ್ತುಮಾಡಿದ್ದ. ಅತ್ತಿಗೆ ಹಿಂದಿನ ದಿನವೇ ನನಗೆ ಮೆಲ್ಲಗೆ ಹೇಳಿದ್ದರು. "ನಾಳೆ ಅವನು ಬೆಟ್ಟದಲ್ಲಿರ್ತಾನೆ. ನಾನು ಮೊದ್ಲ ಬಸ್ಗೆ ಓಗಿ ಅವ್ವನ ಮೊಕ ನೋಡ್ಕೊಂಡು ಸಂಜೆ ಒಳ್ಗೆ ಬಂದ್ಬುಡ್ತೀನಿ. ಲಿವರ್ ಬೇಯ್ಸಿ ಮಡ್ಗಿರ್ತೀನಿ."

ಶುಕ್ರವಾರ ಸಂಜೆ ಅಣ್ಣ ಅಂಗಡಿಯಿಂದ ಕರ್ಪೂರ, ತೆಂಗಿನಕಾಯಿ ತಂದ. ಎಂದಿಗಿಂತ ಕಡಿಮೆ ಮಾತಾಡಿದ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ; ಅತ್ತಿಗೆಯ ಮನಸ್ಸು ಬಸ್ಸಿನ ಮೇಲಿತ್ತು. ಅಣ್ಣ ತಟ್ಟೆ ತಳ್ಳಲಿಲ್ಲ. ಉಂಡು ಎದ್ದ. ನನಗೆ ಅದು ವಿಚಿತ್ರವೆನಿಸಿತು.

ಬೆಳಿಗ್ಗೆ ಟೆಂಪೊ ತಡವಾಯಿತು. ಅತ್ತಿಗೆ ಕೈಚೀಲ ಹಿಡಿದು, ನಾನು ಜೊತೆಗೆ, ಬಸ್ ಸ್ಟಾಪಿಗೆ ಬಂದರೆ ಅಣ್ಣ ಇನ್ನೂ ಅಲ್ಲೇ ಇದ್ದ. ಮಡಿ ಪಂಚೆ, ಹಣೆಯಲ್ಲಿ ನಾಮ, ಕೊರಳಲ್ಲಿ ತುಳಸಿ ಮಣಿ, ಅದರ ಜೊತೆಗೇ ಸೀಟಿಯ ದಾರ. ಸುತ್ತ ಅವನಂತೆಯೇ ನಾಮ ಹಾಕಿಕೊಂಡ ಊರ ಗಂಡಸರು. ನಾಯಿ ಅತ್ತಿಗೆಯ ಹಿಂದೆಯೇ ಬಂದಿತ್ತು.

"ಎಲ್ಗೆ?"

"ಉಮ್ಮತ್ತೂರ್ಗೆ."

ಅಣ್ಣನ ಮುಖ ಬಿಳಿಚಿಕೊಂಡಿತು. ಸಿಟ್ಟಿನಿಂದ ಎಂದು ನಾನು ತಿಳಿದೆ. "ಇವತ್ ಬ್ಯಾಡ. ನಾಳೀಕ್ ಓಗೀವಂತೆ. ನಾನೇ ಕರ್ಕೊಂಡೋಯ್ತೀನಿ."

"ನೀನಾ?" ಅತ್ತಿಗೆ ನಕ್ಕರು. ಅಷ್ಟರಲ್ಲಿ ಬಸ್ಸು ಬಂತು. ಹತ್ತಿದರು. ಅಷ್ಟು ಜನರ ಮುಂದೆ ಹೆಂಡತಿಯ ರಟ್ಟೆ ಹಿಡಿದು ಎಳೆಯಲು ಅಣ್ಣನಿಗೆ ಆಗಲಿಲ್ಲ. ಏನಾದರೂ ತನ್ನ ಮಾತು ನಡೆಯಬೇಕಿತ್ತು. ನಾಯಿ ಬಾಗಿಲ ಬಳಿ ನಿಂತಿತ್ತು.

"ನಾಯಿನಾರು ಬುಟ್ಟೋಗು" ಅಂದ. ಸೀಟಿ ತೆಗೆದು ಊದಿದ.

ನಾಯಿ ಒಂದೇ ನೆಗೆತಕ್ಕೆ ಬಸ್ಸಿನೊಳಗೆ ಹೋಯಿತು.

ಮಡಿಯಲ್ಲಿದ್ದ ಗಂಡಸರು ಗೊಳ್ಳೆಂದರು. ಅಣ್ಣ ಮತ್ತೆ ಊದಿದ. ಒಳಗೆ ನಾಯಿ ಸೀಟುಗಳ ನಡುವೆ ನುಗ್ಗಿ ಅತ್ತಿಗೆಯ ಕಾಲ ಬಳಿ ಹೋಗಿ ಕೂತಿತು. ಕಂಡಕ್ಟರ್ ಕಿರುಚಿದ. "ಯಾರ್ದಮ್ಮ ನಾಯಿ? ಇಳ್ಸಿ, ಇಳ್ಸಿ!"

"ನಂದಲ್ಲ ಕಣಪ್ಪ" ಅಂದರು ಅತ್ತಿಗೆ ಕಿಟಕಿಯಿಂದ ಎಲ್ಲರಿಗೂ ಕೇಳುವ ಹಾಗೆ. "ಸೀಟಿ ಊದ್ತಾ ಅವ್ರಲ್ಲ, ಅವ್ರುದು."

ಕಂಡಕ್ಟರ್ ಅದನ್ನು ಕಾಲಲ್ಲಿ ಒದ್ದು ಕೆಳಗೆ ಬೀಳಿಸಿದ. ಬಸ್ಸು ಹೊರಟಿತು. ನಾಯಿ ಎದ್ದು ಅದರ ಹಿಂದೆ ಎರಡು ಹೆಜ್ಜೆ ಹಾಕಿ ನಿಂತಿತು. ಅಷ್ಟಕ್ಕೆ ಬಿಟ್ಟಿದ್ದರೆ ಮನೆಗೆ ಬರುತ್ತಿತ್ತು. ಅಣ್ಣ ಊದಿದ. ನಾಯಿ ಬಸ್ಸಿನ ಹಿಂದೆ ಓಡಿತು.

"ಊದಬೇಡ ಅಣ್ಣ, ಊದಿದಷ್ಟೂ ಓಡುತ್ತೆ!"

ಅವನಿಗೆ ನನ್ನ ಮಾತು ಕೇಳುವ ಸ್ಥಿತಿ ಇರಲಿಲ್ಲ. ಜನ ನಗುತ್ತಿದ್ದರು. ಕೊರಳ ನರ ಉಬ್ಬುವಂತೆ ಊದಿದ, ಊದುತ್ತಲೇ ಇದ್ದ. ನಾಯಿ ಗುಂಡ್ಲುಪೇಟೆಯ ದಾರಿಯಲ್ಲಿ ಚಿಕ್ಕದಾಗುತ್ತ ಹೋಯಿತು. ತರಕಾರಿ ತುಂಬಿದ ವ್ಯಾನುಗಳು ಹಾರ್ನ್ ಹೊಡೆಯುತ್ತ ಅದರ ಪಕ್ಕದಲ್ಲಿ ಹಾಯುತ್ತಿದ್ದವು. ಆಮೇಲೆ ಕಾಣಲಿಲ್ಲ. ಟೆಂಪೊ ಬಂತು. ಅಣ್ಣ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ಬೆಟ್ಟಕ್ಕೆ ಹೋದ.

ನಾನು ಮನೆಗೆ ಹಿಂದಿರುಗುವಾಗ ಅಂಗಡಿಯವನು ಕರೆದ. "ನರ್ಸಮ್ಮ, ಬೆಳಗಾನ ಕಾದ್ಬುಟ್ಟು ಈಗ ಒಂಟ್ರಾ ಅತ್ತಿಗೆಯೋರು? ಮಣ್ಣಿಗೆ ಸಿಕ್ತದಾ?"

"ಯಾವ ಮಣ್ಣು?"

"ಅವ್ರವ್ವ ತೀರೋದ್ರು ಅಂತ ನೆನ್ನೆ ಸಂಜೆನೇ ಫೋನ್ ಬಂದಿತ್ತಲ್ಲಮ್ಮ. ನಿಮ್ಮಣ್ಣಂಗೆ ನಾನೇ ಏಳಿದ್ದು. ಕರ್ಪೂರ ಕಟ್ಟುಸ್ಕೊತಾ ಇದ್ರು."

ಆ ಹೊತ್ತಿಗೆ ಬಸ್ಸು ಗುಂಡ್ಲುಪೇಟೆ ದಾಟಿರಬೇಕು. ಅಂಗಡಿಯ ಫೋನಿನಿಂದ ಉಮ್ಮತ್ತೂರಿಗೆ ಮಾಡಿಸಿದೆ. ಅಲ್ಲಿ ಯಾರೂ ಎತ್ತಲಿಲ್ಲ. ಎಲ್ಲರೂ ಸಾವಿನ ಮನೆಯಲ್ಲಿದ್ದರು.

ಸಂಜೆ ಅಣ್ಣ ಪ್ರಸಾದ ಹಿಡಿದು ಬಂದ. ಕೇಳಿದೆ. ಅವನು ಅಡಗಿಸಲೂ ಇಲ್ಲ.

"ಕಿವಿಗೆ ಬಿದ್ರೆ ಸೂತಕ. ಅವಳ ಕಿವಿಗೆ ಬಿದ್ದಿರ್ನಿಲ್ಲ. ಬಿದ್ದಿದ್ರೆ ಬೆಟ್ಟ ಅತ್ತಂಗಿರ್ನಿಲ್ಲ. ಎಷ್ಟೊರ್ಸದ ನೇಮ ಗೊತ್ತಾ? ಸತ್ತೋಳು ಸತ್ತೋದ್ಲು, ಒಂದಿನ ತಡ್ದು ಏಳುದ್ರೆ ಎದ್ದು ಬಂದಾಳಾ?"

"ನಿನ್ನ ಕಿವಿಗೆ ಬಿದ್ದಿತ್ತಲ್ಲ."

"ನಾನು ಅಂಗಡೀಲಿ ಬೇರೆ ಏನೋ ಕೇಳ್ಕತಿದ್ದೆ" ಅಂದ. ಪ್ರಸಾದದ ದೊನ್ನೆಯನ್ನು ದೇವರ ಮುಂದೆ ಇಟ್ಟು ಕೈಮುಗಿದ.

ಅತ್ತಿಗೆ ಹಿಂದಿರುಗಿದ್ದು ತಿಥಿ ಮುಗಿದ ಮೇಲೆ. ಅಲ್ಲಿ ಆದದ್ದನ್ನು ಒಂದೇ ಸಲ ನನಗೆ ಹೇಳಿದರು, ಮತ್ತೆಂದೂ ಹೇಳಲಿಲ್ಲ. ಮಗಳು ಬರುತ್ತಾಳೆ ಎಂದು ರಾತ್ರಿಯೆಲ್ಲ ಹೆಣ ಇಟ್ಟುಕೊಂಡು ಕಾದಿದ್ದರಂತೆ. ಸುದ್ದಿ ಮುಟ್ಟಿದೆ ಎಂದು ಅಂಗಡಿಯಿಂದ ಗೊತ್ತಾಗಿತ್ತು. 'ಗೊತ್ತಿದ್ದೂ ಬರಲಿಲ್ಲ, ಇನ್ನು ಬರೋದಿಲ್ಲ' ಎಂದು ಬೆಳಿಗ್ಗೆ ಎತ್ತಿಬಿಟ್ಟರು. ಅತ್ತಿಗೆ ಅವ್ವನಿಗೆಂದು ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡು, ಊರ ಬಾಗಿಲಲ್ಲಿ ಬಸ್ಸು ಇಳಿದರೆ, ಮಣ್ಣು ಮಾಡಿ ಬರುತ್ತಿದ್ದ ತಮ್ಮ ಎದುರಾದ.

"ಈಗ್ ಬಂದ್ಯಾ? ಬೆಟ್ಟದ್ ಪ್ರಸಾದ ತಂದಿದ್ದೀಯಾ?" ಅಂದನಂತೆ.

ನಾಯಿ ಅತ್ತಿಗೆಗಿಂತ ಎಷ್ಟೋ ಮೊದಲೇ ಮನೆಗೆ ಬಂದಿತ್ತು. ಅಣ್ಣ ಬೆಟ್ಟಕ್ಕೆ ಹೋದ ಮರುದಿನ, ಹಿಂದಿನ ಒಂದು ಕಾಲನ್ನು ಎಳೆಯುತ್ತ ಹಿತ್ತಲಿಗೆ ಬಂದು ಮೂರು ಕಲ್ಲಿನ ಪಕ್ಕ ಬಿದ್ದುಕೊಂಡಿತು. ಯಾವುದೋ ಗಾಡಿ ತಾಗಿತ್ತು. ಬಿದಿರಿನ ದಬ್ಬೆ ಕಟ್ಟಿ ನಾನು ಆರೈಕೆ ಮಾಡಿದೆ. ಮೂಳೆ ಕೂಡಿತು, ಕುಂಟು ಹೋಗಲಿಲ್ಲ.

ಅತ್ತಿಗೆ ಬಂದ ಮೇಲೆ ಮನೆಯಲ್ಲಿ ಜಗಳವಾಗುತ್ತದೆ ಎಂದುಕೊಂಡಿದ್ದೆ. ಅಣ್ಣನೂ ಅದಕ್ಕೆ ಸಿದ್ಧನಾಗಿ ಎರಡು ದಿನ ಗುರ್ ಎನ್ನುತ್ತ ತಿರುಗಿದ. ಅತ್ತಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ತೊಳಸಿದರು. ಉಪ್ಪು ಒಂದು ದಿನವೂ ತಪ್ಪಲಿಲ್ಲ. ಮಸ್ಸೊಪ್ಪು ಮಾತ್ರ ಮಾಡಲಿಲ್ಲ, ಎಂದೆಂದೂ ಮಾಡಲಿಲ್ಲ.

ಶ್ರಾವಣ ಮುಗಿದಿತ್ತು. ಅಣ್ಣ ಈಗ ತನ್ನ ಕೈಯಲ್ಲೇ ಲಿವರ್ ಹಿಡಿದು ಹೊಲದಲ್ಲಿ ಊದಿದ. ನಾಯಿ ಅವನನ್ನು ಸುತ್ತಿ ಹಾಯ್ದು, ಕುಂಟುತ್ತ, ಮನೆಯ ದಾರಿ ಹಿಡಿಯಿತು. ಕಟ್ಟಿಹಾಕಿ ಊದಿದ. ಮನೆಯ ಕಡೆಗೆ ಹಗ್ಗ ಜಗ್ಗಿ ಕೊರಳು ಕೆಂಪಾಗಿಸಿಕೊಂಡಿತು. ಊದದೆ ಬಿಟ್ಟರೆ ಹಂದಿಯ ಹಿಂದೆ ಕಂದಕದಾಚೆ ಹೋಗುತ್ತದೆ. ಊದಿದರೆ ಹೊಲ ಬಿಟ್ಟು ಅತ್ತಿಗೆಯ ಹತ್ತಿರ ಹೋಗುತ್ತದೆ. ಕಡಲೆಕಾಯಿಯ ಹೆಚ್ಚು ಪಾಲನ್ನು ಹಂದಿಗಳೇ ಕಿತ್ತುಕೊಂಡವು. ಊರಿನವರಿಗೆ ಒಳ್ಳೆಯ ಆಟ ಸಿಕ್ಕಿತ್ತು. ಅಣ್ಣ ಜಗಲಿಯಲ್ಲಿ ಕೂತಿದ್ದಾಗ ಬೀದಿಯಲ್ಲಿ ಹೋಗುವವರು ಬಾಯಲ್ಲೇ ಸೀಟಿ ಹಾಕುತ್ತಿದ್ದರು. ಅವನ ಕಾಲ ಮುಂದೆಯೇ ನಾಯಿ ಎದ್ದು ಒಳಗೆ ಹೋಗುತ್ತಿತ್ತು.

ಹೊಸ ನಾಯಿ ತರಲು ಅಣ್ಣ ಒಪ್ಪಲಿಲ್ಲ. ಇದೇ ನಾಯಿ ತನ್ನ ಮಾತು ಕೇಳಬೇಕು ಎಂದು ಹಟ. ದಿನಾ ಹೊಲಕ್ಕೆ ಹೋಗುತ್ತಿದ್ದ, ದಿನಾ ಊದುತ್ತಿದ್ದ.

ಅಂಥ ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅತ್ತಿಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ದೂರದಲ್ಲಿ ಸೀಟಿ ಕೇಳಿತು. ಬಹಳ ಹೊತ್ತಾದ ಮೇಲೆ ನಾಯಿ ಕಾಲೆಳೆಯುತ್ತ ಬಂದು ಬಾಗಿಲಲ್ಲಿ ಕೂತಿತು. ನಾಲಿಗೆ ಹೊರಗಿತ್ತು. ಅತ್ತಿಗೆ ತಲೆ ಎತ್ತಲಿಲ್ಲ. ನಿನ್ನೆಯೂ ಕೊಟ್ಟಿರಲಿಲ್ಲ, ಮೊನ್ನೆಯೂ ಕೊಟ್ಟಿರಲಿಲ್ಲ. ನಾಯಿ ಕಾದು, ನಿಟ್ಟುಸಿರು ಬಿಟ್ಟು, ಎದ್ದು ಅಂಗಳದ ಕಡೆ ತಿರುಗಿತು. ಅಂದು ಮೊದಲ ಬಾರಿಗೆ ಅದು ಬೇಸತ್ತಂತೆ ಕಂಡಿತು.

"ಬಿಟ್ಟುಬಿಡಲಿ ಅತ್ತಿಗೆ. ಆ ಕಾಲಲ್ಲಿ ದಿನಾ ಅಲ್ಲಿಂದ ಇಲ್ಲಿಗೆ ಓಡಿಬರುತ್ತೆ ಪಾಪ" ಅಂದೆ.

ಅತ್ತಿಗೆ ಜರಡಿ ಕೆಳಗಿಟ್ಟರು. ಕೈ ಕೊಡವಿ, ಗೂಡಿನಿಂದ ಮುಚ್ಚಿಟ್ಟ ಬಟ್ಟಲು ತೆಗೆದರು. ನಾಲಿಗೆಯಲ್ಲಿ ಚ್ ಚ್ ಎಂದರು. ನಾಯಿ ಹಾರಿಬಂತು. ಅವರೆಕಾಳಿನಷ್ಟು ಒಂದು ತುಂಡನ್ನು ಅದರ ಬಾಯಿಗೆ ಹಾಕಿದರು. ನಾಯಿ ಇನ್ನೊಂದಕ್ಕೆ ಬಾಯಿ ತೆರೆಯಿತು. ಅತ್ತಿಗೆ ಬಟ್ಟಲು ಮುಚ್ಚಿ ಮೇಲಿಟ್ಟರು.

"ಇನ್ ಯಾವತ್ ಕೊಡ್ತೀರಿ?"

"ಅದ್ಕೆ ಗೊತ್ತಾಗ್ಬಾರ್ದು ಅಂದಿದ್ಯಲ್ಲ ನರ್ಸವ್ವ" ಅಂದು ಅತ್ತಿಗೆ ಮತ್ತೆ ಜರಡಿ ಹಿಡಿದರು. "ನಂಗೂ ಗೊತ್ತಿಲ್ಲ."

ಹೊಲದ ಕಡೆಯಿಂದ ಮತ್ತೆ ಸೀಟಿ ಕೇಳಿತು. ಬಾಗಿಲಲ್ಲಿ ಕೂತಿದ್ದ ನಾಯಿ ಅತ್ತಿಗೆಯ ಕಡೆಗೆ ಇನ್ನಷ್ಟು ಸರಿದು ಕೂತಿತು.